ಡಿಬಿಎ ಕೈಯಿಂದಲೇ ಡೇಟಾಬೇಸ್ ಕಾಪಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್. ನೋಡಿಕೊಳ್ಳುವ ಡಿಬಿಎಗಳು, ಅಂದರೆ ಡೇಟಾಬೇಸ್ ನಿರ್ವಾಹಕರು, ಮೂವರು. ಮೂವರೂ ಎಲ್ಲ ಅಧಿಕಾರ ಇರುವ ಸೂಪರ್‌ಯೂಸರ್ ಖಾತೆಯ ಒಂದೇ ಪಾಸ್‌ವರ್ಡ್ ಹಾಕಿ ಲಾಗಿನ್ ಆಗುತ್ತಾರೆ. ಹೋದ ತಿಂಗಳು ಒಬ್ಬ ಗ್ರಾಹಕರ ಫೋನ್ ನಂಬರನ್ನು ಯಾರೋ ಬದಲಾಯಿಸಿದ್ದಾರೆ. ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಡಿಸ್ಕ್ ಎನ್‌ಕ್ರಿಪ್ಷನ್ (ಕೀಲಿ ಇಲ್ಲದೆ ಓದಲಾಗದಂತೆ ಮಾಡುವುದು) ಇದೆ, ಫೈರ್‌ವಾಲ್ ಇದೆ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ? ಯಾರು ಏನು ಮಾಡಿದರು ಅಂತ ಬರೆದಿಡುವ ಆಡಿಟ್ ಲಾಗ್ ಹಾಕಿದರೆ ಸಾಕಾ?

ಉತ್ತರ: ಮೊದಲು ಆ ಒಂದೇ ಪಾಸ್‌ವರ್ಡ್ ನಿಲ್ಲಿಸಿ, ಇವತ್ತೇ. ತಪ್ಪು ಮಾಡಿದವರು ಒಬ್ಬರೇ ಇದ್ದರೂ ಈಗ ಅನುಮಾನ ಮೂವರ ಮೇಲೂ ಇದೆ. ಉಳಿದಿಬ್ಬರಿಗೆ ಇದು ಅನ್ಯಾಯ ಅಲ್ವಾ? ಒಬ್ಬೊಬ್ಬರಿಗೂ ಅವರದೇ ಹೆಸರಿನ ಲಾಗಿನ್ ಕೊಡಿ.

ಡಿಸ್ಕ್ ಎನ್‌ಕ್ರಿಪ್ಷನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಡಿಸ್ಕ್ ಕದ್ದವರನ್ನು ತಡೆಯುತ್ತದೆ. ಲಾಗಿನ್ ಆದವರಿಗೆ ಡೇಟಾಬೇಸೇ ಎಲ್ಲ ಬಿಚ್ಚಿ ತೋರಿಸುತ್ತದೆ.

ಆಡಿಟ್‌ಗೆ ಪಿಜಿಆಡಿಟ್ ಅನ್ನುವ ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಷನ್ ಹಾಕಿ. ಆದರೆ ಲಾಗ್ ಅದೇ ಮೆಷಿನ್‌ನಲ್ಲಿದ್ದರೆ ನಂಬಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ 'ಕಾಪಿ ಟು ಪ್ರೋಗ್ರಾಂ' ಅಂತ ಒಂದು ಕಮಾಂಡ್ ಇದೆ. ಸೂಪರ್‌ಯೂಸರ್ ಆದವರು ಅದರಿಂದ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಬರೆಯುವ ಭಾಷೆ) ಒಳಗಿಂದಲೇ ಶೆಲ್ ಕಮಾಂಡ್, ಅಂದರೆ ನೇರ ಮೆಷಿನ್‌ಗೆ ಕೊಡುವ ಆದೇಶ, ಓಡಿಸಬಹುದು. ಅದು ಓಡುವುದು ಡೇಟಾಬೇಸ್ ಸರ್ವರ್ ನಡೆಯುವ ಓಎಸ್ (ಆಪರೇಟಿಂಗ್ ಸಿಸ್ಟಂ) ಯೂಸರ್ ಹೆಸರಿನಲ್ಲಿ. ಸಾಮಾನ್ಯವಾಗಿ ಲಾಗ್ ಫೈಲ್‌ನ ಮಾಲೀಕನೂ ಅದೇ ಯೂಸರ್. ಅಂದರೆ ಒಂದೇ ಸಾಲು ಬರೆದು ತನ್ನ ಹೆಜ್ಜೆ ಗುರುತು ಅಳಿಸಿಬಿಡಬಹುದು. ಹಾಗಾಗಿ ಲಾಗ್ ಬರೆದ ಕ್ಷಣವೇ ಸಿಸ್‌ಲಾಗ್ (ಲಾಗ್ ಕಳಿಸುವ ವ್ಯವಸ್ಥೆ) ಮೂಲಕ ಬೇರೆ ಮೆಷಿನ್‌ಗೆ ಹೋಗಬೇಕು. ಆ ಮೆಷಿನ್‌ಗೆ ಡಿಬಿಎಗಳಿಗೆ ಲಾಗಿನ್ ಇರಬಾರದು. ಡೇಟಾಬೇಸ್ ಮೆಷಿನ್‌ನಲ್ಲೂ ಅವರಿಗೆ ರೂಟ್, ಅಂದರೆ ಮೆಷಿನ್‌ನ ಪೂರ್ತಿ ಅಧಿಕಾರ, ಬೇಡ. ಸೂಪರ್‌ಯೂಸರ್ ಆಡಿಟ್ ಆಫ್ ಮಾಡಲೂಬಹುದು. ಅದಕ್ಕೇ ಲಾಗ್ ಬರುವುದು ನಿಂತರೆ ನಿಮಗೆ ಅಲರ್ಟ್ ಬರಲಿ.

ದಿನದ ಕೆಲಸಕ್ಕೆ ಸೂಪರ್‌ಯೂಸರ್ ಬೇಕಾಗುವುದೇ ಅಪರೂಪ. ಸರ್ವರ್ ಗಮನಿಸೋಕೆ ಪಿಜಿ_ಮಾನಿಟರ್ ರೋಲ್ (ಸಿದ್ಧ ಅನುಮತಿಗಳ ಗುಂಪು) ಇದೆ. 17ನೇ ಆವೃತ್ತಿಯಿಂದ ಪಿಜಿ_ಮೇಂಟೇನ್ ಬಂದಿದೆ. ಟೇಬಲ್ ಓದುವ ಅನುಮತಿ ಇಲ್ಲದೆಯೇ ವ್ಯಾಕ್ಯೂಮ್ (ಟೇಬಲ್ ಶುಚಿ ಮಾಡುವುದು), ರೀಇಂಡೆಕ್ಸ್ (ಇಂಡೆಕ್ಸ್ ಮತ್ತೆ ಕಟ್ಟುವುದು) ಮಾಡಬಹುದು. ಸೂಪರ್‌ಯೂಸರ್ ಪಾಸ್‌ವರ್ಡ್ ತೆಗೆಯೋಕೆ ಇಬ್ಬರ ಒಪ್ಪಿಗೆ ಬೇಕು ಅಂತ ಮಾಡಿ. ಬಳಸಿದ ಮೇಲೆ ಬದಲಾಯಿಸಿ.

ಪ್ರಶ್ನೆ: ಬದಲಾಯಿಸಿದ್ದು ಲಾಗ್‌ನಲ್ಲಿ ಸಿಗುತ್ತೆ, ಸರಿ. ಸುಮ್ನೆ ಓದಿ ಕಾಪಿ ಮಾಡ್ಕೊಂಡು ಹೋದರೆ?

ಉತ್ತರ: ಜಾಸ್ತಿ ಭಯಪಡಬೇಕಾದ್ದು ಅದಕ್ಕೇ. 2007ರಲ್ಲಿ ಅಮೆರಿಕದ ಸರ್ಟೆಜಿ ಚೆಕ್ ಸರ್ವಿಸಸ್ ಅನ್ನುವ ಕಂಪನಿಯಲ್ಲಿ ಇದೇ ಬಯಲಾಯ್ತು. ಅಲ್ಲಿನ ಹಿರಿಯ ಡಿಬಿಎ ಗ್ರಾಹಕರ ವಿವರ ಮಾರಿಕೊಂಡಿದ್ದರು. ಮೊದಲು 23 ಲಕ್ಷ ಜನರ ವಿವರ ಅಂದರು, ಆಮೇಲೆ ಲೆಕ್ಕ 85 ಲಕ್ಷಕ್ಕೆ ಹೋಯಿತು. ಅವರು ಬೀಗ ಒಡೆಯಬೇಕಿರಲಿಲ್ಲ, ಕೀಲಿ ಅವರ ಹತ್ತಿರವೇ ಇತ್ತು.

ಲಾಗ್ ಇದನ್ನು ಆದಮೇಲೆ ಹೇಳುತ್ತದೆ, ತಡೆಯುವುದಿಲ್ಲ. ಡಿಬಿಎ ಕಣ್ಣಿಗೇ ಬೀಳಬಾರದ ಕಾಲಂಗಳನ್ನು ಅಪ್ಲಿಕೇಶನ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿ ಕಳಿಸಿ. ಕೀಲಿ ಡೇಟಾಬೇಸ್ ಸರ್ವರ್ ಹತ್ತಿರ ಸುಳಿಯಬಾರದು. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2016ರಲ್ಲಿ ಬಂದ ಆಲ್ವೇಸ್ ಎನ್‌ಕ್ರಿಪ್ಟೆಡ್ ಕೂಡ ಇದೇ ದಾರಿ. ತೊಂದರೆಯೂ ಇದೆ. ಆ ಕಾಲಂನಲ್ಲಿ ಅರ್ಧ ಹೆಸರು ಹಾಕಿ ಹುಡುಕೋದು, ಸಾಲಾಗಿ ಜೋಡಿಸೋದು ಎಲ್ಲ ಕಷ್ಟವಾಗುತ್ತದೆ. ಎಲ್ಲದಕ್ಕೂ ಹಾಕಬೇಡಿ. ಗುರುತಿನ ಚೀಟಿ ನಂಬರ್, ಬ್ಯಾಂಕ್ ಖಾತೆ, ಇಂಥವಕ್ಕೆ ಸಾಕು.

ಪ್ರಶ್ನೆ: ಇಷ್ಟೆಲ್ಲ ಮಾಡಿದರೆ ನಮ್ಮ ಹುಡುಗರು ಬೇಜಾರು ಮಾಡ್ಕೊಳ್ಳಲ್ವಾ?

ಉತ್ತರ: ನಾನೂ ಡಿಬಿಎ ಆಗಿದ್ದವಳೇ. ಒಮ್ಮೆ ರಾತ್ರಿ ಒಂದು ಟೇಬಲ್ ಖಾಲಿಯಾಯಿತು. ಆ ವಾರದ ಡ್ಯೂಟಿ ನನ್ನದು. ಬೆಳಿಗ್ಗೆ ಎಲ್ಲರೂ ನನ್ನ ಮುಖ ನೋಡಿದರು. ಬೇರೆ ಮೆಷಿನ್‌ನಲ್ಲಿದ್ದ ಲಾಗ್ ತೆಗೆದಾಗ, ಅಳಿಸಿದ್ದು ಹಳೆಯ ಸ್ಕ್ರಿಪ್ಟ್ ಒಂದು ಅಂತ ಗೊತ್ತಾಯಿತು. ನಿಮ್ಮವರನ್ನು ಕೂರಿಸಿಕೊಂಡು ಇದನ್ನೇ ಹೇಳಿ. ಲಾಗ್‌ನಲ್ಲಿ ಏನೇನು ದಾಖಲಾಗುತ್ತದೆ ಅಂತ ಅವರಿಗೂ ತೋರಿಸಿ, ಕದ್ದುಮುಚ್ಚಿ ಮಾಡಬೇಡಿ.

ಇನ್ನೊಬ್ಬರು: ಮೇಡಂ, ಬ್ಯಾಕಪ್ ಬಗ್ಗೆ?

ಉತ್ತರ: ಒಳ್ಳೆಯದಾಯ್ತು ಕೇಳಿದ್ದು, ಬಿಟ್ಟುಹೋಗಿತ್ತು. ಬ್ಯಾಕಪ್ ಅಂದರೆ ಇಡೀ ಡೇಟಾಬೇಸ್‌ನ ಇನ್ನೊಂದು ಕಾಪಿ. ಅದನ್ನು ಪಬ್ಲಿಕ್ ಕೀ (ಬೀಗ ಹಾಕೋಕೆ ಮಾತ್ರ ಬರುವ ಕೀಲಿ) ಇಂದ ಎನ್‌ಕ್ರಿಪ್ಟ್ ಮಾಡಿ, ತೆಗೆಯೋಕೆ ಬೇಕಾದ ಪ್ರೈವೇಟ್ ಕೀ ಬೇರೆಯವರ ಕೈಲಿರಲಿ. ಡಿಬಿಎ ಅಕೌಂಟ್‌ಗೆ ಬ್ಯಾಕಪ್ ಬರೆಯೋಕೆ ಮಾತ್ರ ಅನುಮತಿ ಕೊಡಿ, ಅಳಿಸೋಕೆ ಬೇಡ. ಕೀ ಇಟ್ಟುಕೊಂಡವರೇ ಕೂತು ಆಗಾಗ ಒಂದು ಬ್ಯಾಕಪ್ ರೀಸ್ಟೋರ್ ಮಾಡಿ ನೋಡಲಿ.