ಅಪ್‌ಡೇಟ್: ಅಮ್ಮನ ಜೊತೆ ಮಿನಿಕಾಯ್‌ಗೆ ಹೋಗಿ ಬಂದೆ

ಮೂಡಿಗೆರೆಯಿಂದ ಅಮ್ಮನನ್ನು ಲಕ್ಷದ್ವೀಪದ ಮಿನಿಕಾಯ್‌ಗೆ ಕರೆದುಕೊಂಡು ಹೋಗಬಹುದಾ, ಅರವತ್ತು ದಾಟಿದವರಿಗೆ ಹಡಗು ಕಷ್ಟವಾ ಅಂತ ಕೇಳಿದ್ದೆ. ಹೋಗಿ ಬಂದೆವು. ಕಾಫಿ ಕೊಯ್ಲು ಮುಗಿಸಿ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ತೋಟಕ್ಕೆ ವಾಪಸ್.

ಮೊದಲು ಲಕ್ಷದ್ವೀಪಕ್ಕೆ ಕಾಲಿಡಲು ಬೇಕಾದ ಪರವಾನಗಿ ಮಾಡಿಸಿ ಅಂದವರಿಗೆ ದೊಡ್ಡ ನಮಸ್ಕಾರ. ಅದಿಲ್ಲದೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗಲ್ಲ. ಚಾರ್ಮಾಡಿ ಇಳಿದು ಮಂಗಳೂರು, ಅಲ್ಲಿಂದ ರೈಲಲ್ಲಿ ಎರ್ನಾಕುಲಂ. ಹಡಗು ಎರಡು ದಿನ ತಡವಾಯ್ತು, ಕೊಚ್ಚಿಯಲ್ಲಿ ರೂಮು ಹುಡುಕಬೇಕಾಯ್ತು. ಕೈಯಲ್ಲಿ ಹೆಚ್ಚುವರಿ ದಿನ ಇಟ್ಟುಕೊಂಡೇ ಹೊರಡಿ. ಅಮ್ಮನಿಗೆ ಮೊದಲ ರಾತ್ರಿ ವಾಂತಿ, ಬೆಳಿಗ್ಗೆ ಗಂಜಿ ಕುಡಿದ ಮೇಲೆ ಸರಿಹೋದರು.

ಆ ದ್ವೀಪ ನೋಡಿ ಅಮ್ಮ ಕೇಳಿದ ಮೊದಲ ಮಾತು, "ಗುಡ್ಡ ಎಲ್ಲಿ ಮಗಾ?" ಗುಡ್ಡವೂ ಇಲ್ಲ, ಹೊಳೆಯೂ ಇಲ್ಲ. ಹವಳದ ಮೇಲೆ ನಿಂತ ನೆಲ, ಮಳೆ ನೀರು ಒಳಗಿಳಿದು ಉಪ್ಪು ನೀರಿನ ಮೇಲೆ ತೆಳ್ಳಗೆ ನಿಲ್ಲುತ್ತೆ, ಬಾವಿಗೆ ಬರೋದೂ ಅದೇ ನೀರು. ವರ್ಷವಿಡೀ ಹಳ್ಳ ಹರಿಯುವ ಊರಿನವರು ನಾವು. ಅಲ್ಲಿ ಒಂದು ಚೊಂಬು ನೀರು ಚೆಲ್ಲೋಕೂ ಮನಸ್ಸು ಬರಲಿಲ್ಲ.

ಮಾತು ಮಲಯಾಳಂ ಅಲ್ಲ, ಮಹಲ್. ಮಾಲ್ಡೀವ್ಸಿನ ಭಾಷೆಯದೇ ಒಂದು ರೂಪ, ಬಲದಿಂದ ಎಡಕ್ಕೆ ಬರೀತಾರೆ. ಗಾಳ ಹಾಕಿ ಒಂದೊಂದಾಗಿ ಟ್ಯೂನಾ ಹಿಡಿದು, ಬೇಯಿಸಿ, ಹೊಗೆಯಲ್ಲಿಟ್ಟು ಒಣಗಿಸಿದ 'ಮಾಸ್' ಮರದ ತುಂಡಿನ ಹಾಗಿರುತ್ತೆ. 1885ರ ದೀಪಸ್ತಂಭದ ಬುಡದಲ್ಲಿ ಅಮ್ಮ ಒಂದು ಗಂಟೆ ಸುಮ್ಮನೆ ಕೂತಿದ್ದರು. ಎಬ್ಬಿಸೋಕೆ ನನಗೆ ಮನಸ್ಸಾಗಲಿಲ್ಲ.