ಅಪ್‌ಡೇಟ್: ಅಪ್ಪನ ಬ್ರಾಂಕೋಸ್ಕೋಪಿ ಮುಗಿಯಿತು

71ರ ಅಪ್ಪನಿಗೆ ಬ್ರಾಂಕೋಸ್ಕೋಪಿ (ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ ಶ್ವಾಸನಾಳ ನೋಡುವ ಪರೀಕ್ಷೆ) ಮಾಡಲು ಬರೀ ಮಂಪರಿನ ಮದ್ದು ಸಾಕೇ, ಉಸಿರಿಗೆ ಅಪಾಯವಿಲ್ಲವೇ ಎಂದು ಕಳೆದ ವಾರ ಇಲ್ಲಿ ಕೇಳಿದ್ದೆ. ಮೊನ್ನೆ ಸುಸೂತ್ರವಾಗಿ ಮುಗಿಯಿತು.

“ರಾತ್ರಿಯ ಗೊರಕೆಯ ವಿಷಯ ವೈದ್ಯರಿಗೆ ಮೊದಲೇ ಹೇಳಿ” ಎಂದವರಿಗೆ ದೊಡ್ಡ ನಮಸ್ಕಾರ. ಅದನ್ನು ಕೇಳಿದ ಮೇಲೆಯೇ ಮಿಡಜೋಲಮ್ ಎಂಬ ಮಂಪರಿನ ಮದ್ದನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟರು. ಮೂಗಿಗೆ ಆಮ್ಲಜನಕ, ಬೆರಳಿಗೆ ಆಕ್ಸಿಮೀಟರ್. ನಡುವೆ ರಕ್ತದ ಆಮ್ಲಜನಕದ ಅಂಕಿ 89ಕ್ಕೆ ಇಳಿದಿತ್ತಂತೆ, ಆಮ್ಲಜನಕ ಹೆಚ್ಚಿಸಿದೊಡನೆ ಏರಿತು. ಜೇನುತುಪ್ಪ ನೆಕ್ಕಿಸುವ ಸಲಹೆ ಮಾತ್ರ ನಡೆಯಲಿಲ್ಲ, ಉಪವಾಸವಿರಬೇಕಿತ್ತು.

ಅಚ್ಚರಿಯೆಂದರೆ, ಒಳಗೆ ವೈದ್ಯರು ಹೇಳಿದಂತೆಲ್ಲ ಸಹಕರಿಸಿದ್ದ ಅಪ್ಪ ಹೊರಬಂದು, “ಯಾವಾಗ ಶುರು ಮಾಡುತ್ತಾರೆ?” ಎಂದು ಕೇಳಿದರು! ಆ ಮದ್ದು ಅಷ್ಟು ಹೊತ್ತಿನ ನೆನಪನ್ನೂ ಉಳಿಸುವುದಿಲ್ಲವಂತೆ. ಪರೀಕ್ಷೆಗಾಗಿ ಗಂಟಲಿಗೆ ಮರಗಟ್ಟಿಸುವ ಮದ್ದು ಹಾಕಿರುತ್ತಾರೆ; ಆ ಮರಗಟ್ಟುವಿಕೆ ಬಿಡುವವರೆಗೆ, ಸುಮಾರು 2 ಗಂಟೆ, ಗುಟುಕು ನೀರೂ ಕೊಡಬೇಡಿ, ಶ್ವಾಸಕೋಶಕ್ಕೆ ಇಳಿದೀತು.