ಮೌನ ಮೆರವಣಿಗೆಯಲ್ಲಿ ಪೊಲೀಸ್ ಕ್ಯಾಮೆರಾ: ಗುಂಪಿನ ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ (ಒಬ್ಬ ತಾಯಿ): ನಮಸ್ಕಾರ ಮೇಡಂ. ಹೋದ ವಾರ ನನ್ನ ಮಗಳು ಗೆಳತಿಯರ ಜೊತೆ ಒಂದು ಮೌನ ಮೆರವಣಿಗೆಗೆ ಹೋಗಿದ್ದಳು. ಗಲಾಟೆ ಇರಲಿ, ಒಂದು ಘೋಷಣೆ ಕೂಡ ಇರಲಿಲ್ಲ. ಆದರೂ ಶುರುವಿಂದ ಕೊನೆಯವರೆಗೆ ಇಬ್ಬರು ಪೊಲೀಸರು ಒಬ್ಬೊಬ್ಬರ ಮುಖದ ಹತ್ತಿರಕ್ಕೇ ಬಂದು ವಿಡಿಯೊ ಮಾಡಿಕೊಂಡರಂತೆ. ನಾಳೆ ಕೆಲಸ, ಪಾಸ್‌ಪೋರ್ಟ್ ಅಂತ ಹೋದಾಗ ಇದು ಅಡ್ಡ ಬರುತ್ತದಾ ಅಂತ ಮನೆಯಲ್ಲಿ ಚಿಂತೆ. ಹೀಗೆ ಮಾಡಲು ಅವರಿಗೆ ಅಧಿಕಾರ ಇದೆಯಾ?

ಉತ್ತರ: ನಿಮ್ಮ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ವಿಡಿಯೊ ತೆಗೆಯಬಹುದೇ ಎನ್ನುವುದು ಒಂದು. ತೆಗೆದದ್ದನ್ನು ಹೆಸರು ಹಚ್ಚಿ ಇಟ್ಟುಕೊಳ್ಳಬಹುದೇ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಎಷ್ಟೋ ದೇಶಗಳ ನ್ಯಾಯಾಲಯಗಳು ಪೊಲೀಸರಿಗೆ ಸಾಕಷ್ಟು ಸಡಿಲ ಕೊಟ್ಟಿವೆ. ಸಾರ್ವಜನಿಕ ರಸ್ತೆ, ಜನದಟ್ಟಣೆ, ಎಲ್ಲೋ ಕಲ್ಲು ಬಿದ್ದರೆ ಸಾಕ್ಷಿ ಬೇಕು ಎನ್ನುವ ವಾದ ಸುಲಭವಾಗಿ ನಿಲ್ಲುತ್ತದೆ. ನಿಜವಾದ ಜಗಳ ಇರುವುದು ಎರಡನೆಯದರಲ್ಲಿ.

ಇದಕ್ಕೆ ನಾನು ಯಾವಾಗಲೂ ಹೇಳುವುದು ಬ್ರಿಟನ್ನಿನ ಜಾನ್ ಕ್ಯಾಟ್ ಪ್ರಕರಣ. ಬ್ರೈಟನ್‌ನಲ್ಲಿ ಶಸ್ತ್ರಾಸ್ತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಎದುರು ನಡೆಯುತ್ತಿದ್ದ ಪ್ರತಿಭಟನೆಗಳಿಗೆ ಈ ಅಜ್ಜ ಹೋಗುತ್ತಿದ್ದರು. ಕೈಯಲ್ಲಿ ಚಿತ್ರ ಬರೆಯುವ ಪುಸ್ತಕ. ಅಲ್ಲಿ ಕೆಲವರು ಗಲಾಟೆ ಮಾಡಿದ್ದುಂಟು, ಆದರೆ ಇವರ ಮೇಲೆ ಯಾವ ಅಪರಾಧವೂ ಸಾಬೀತಾಗಲಿಲ್ಲ. ತಮ್ಮ ಬಗ್ಗೆ ಏನು ಬರೆದಿಟ್ಟಿದ್ದೀರಿ ಎಂದು ಅವರು ಪೊಲೀಸರನ್ನು ಕೇಳಿದಾಗ ‘ದೇಶದೊಳಗಿನ ಉಗ್ರವಾದ’ದ ದತ್ತಸಂಚಯದಲ್ಲಿ ಅವರ ಹೆಸರಿದ್ದ 66 ನಮೂದುಗಳು ಹೊರಬಂದವು. ಎಲ್ಲಿ ಬಂದಿದ್ದರು, ಏನು ಧರಿಸಿದ್ದರು, ಕೂತು ಚಿತ್ರ ಬರೆಯುತ್ತಿದ್ದರು ಎಂಬಂಥ ವಿವರಗಳು! 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಪೊಲೀಸರ ಪರ ನಿಂತಿತು. 2019ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅಜ್ಜನ ಪರ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು.

ಆ ತೀರ್ಪಿನ ತಿರುಳು ನೋಡಿ. ಮಾಹಿತಿ ಸಂಗ್ರಹಿಸಲು ಕಾರಣವಿತ್ತು ಎಂದು ನ್ಯಾಯಾಲಯ ಒಪ್ಪಿತು. ಆದರೆ ಅದನ್ನು ಇಟ್ಟುಕೊಂಡೇ ಇರಲು ಕಾರಣವಿರಲಿಲ್ಲ. ಯಾವಾಗ ಅಳಿಸಬೇಕು ಎಂಬುದಕ್ಕೆ ಗಟ್ಟಿಯಾದ ನಿಯಮವಿಲ್ಲ, ‘ಉಗ್ರವಾದ’ ಎಂದರೇನು ಎನ್ನುವುದಕ್ಕೆ ಸ್ಪಷ್ಟ ವ್ಯಾಖ್ಯಾನವಿಲ್ಲ, ಮೇಲಾಗಿ ಇದು ಒಬ್ಬನ ರಾಜಕೀಯ ಅಭಿಪ್ರಾಯವನ್ನು ತೋರಿಸುವ ಮಾಹಿತಿ.

ಹಾಗಾಗಿ ನಿಮ್ಮ ಮಗಳ ವಿಷಯದಲ್ಲಿ ಕೇಳಬೇಕಾದದ್ದು ಇಷ್ಟು: ಆ ವಿಡಿಯೊಗೆ ಅವಳ ಹೆಸರು ಅಂಟಿಕೊಂಡಿದೆಯೇ? ಯಾವ ಕಡತಕ್ಕೆ ಹೋಗಿದೆ? ಯಾವಾಗ ಅಳಿಸುತ್ತಾರೆ? ಹೆಸರಿಲ್ಲದ ವಿಡಿಯೊ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಅದರಿಂದ ಪಾಸ್‌ಪೋರ್ಟಿಗೆ ಅಡ್ಡಿ ಬರುವುದು ಕಷ್ಟ. ಸದ್ಯಕ್ಕೆ ದಿನಾಂಕ, ಸಮಯ, ಜಾಗ ಮೂರನ್ನೂ ಅವಳು ಮರೆಯುವ ಮೊದಲು ಬರೆದಿಟ್ಟುಕೊಳ್ಳಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನನಗೆ ಇದು ಅತಿಯಾಯಿತು ಅನ್ನಿಸುತ್ತದೆ. ತಪ್ಪು ಮಾಡದಿದ್ದರೆ ಕ್ಯಾಮೆರಾ ಕಂಡರೆ ಏನಂತೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ಹಾಗಾಯಿತು.

ಉತ್ತರ: ಗಾದೆ ಚೆನ್ನಾಗಿದೆ ಸರ್. ಆದರೆ ದಿನಾ ಒಬ್ಬ ಪೊಲೀಸ್ ಹೆಗಲನ್ನೇ ದಿಟ್ಟಿಸುತ್ತಾ ಹಿಂದೆ ಬಂದರೆ ಕುಂಬಳಕಾಯಿ ಮುಟ್ಟದವನೂ ಒಂದು ದಿನ ಹೆಗಲು ನೋಡಿಕೊಳ್ಳುತ್ತಾನೆ. ಅದೇ ಉದ್ದೇಶ ಆಗಿದ್ದರೆ?

ನಾನು ಊಹಿಸಿ ಹೇಳುತ್ತಿಲ್ಲ. 1971ರ ಮಾರ್ಚ್ 8ರ ರಾತ್ರಿ ಅಮೆರಿಕದ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಪಟ್ಟಣದಲ್ಲಿ ಕೆಲವು ಯುದ್ಧವಿರೋಧಿಗಳು ಆ ದೇಶದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಕಚೇರಿಗೆ ನುಗ್ಗಿ ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳಿಸಿದರು. ಅದರಲ್ಲಿದ್ದ ಒಂದು ಟಿಪ್ಪಣಿ, ಭಿನ್ನಮತದವರನ್ನು ಹೆಚ್ಚು ಹೆಚ್ಚು ವಿಚಾರಣೆ ಮಾಡಿ ಎಂದು ಸೂಚಿಸುತ್ತದೆ. ಕಾರಣ? ಪ್ರತಿ ಅಂಚೆ ಡಬ್ಬದ ಹಿಂದೆಯೂ ಒಬ್ಬ ಎಫ್‌ಬಿಐ ಏಜೆಂಟ್ ಇದ್ದಾನೆ ಎಂದು ಅವರಿಗೆ ಅನ್ನಿಸಬೇಕು. ಅಂದರೆ ಮಾಹಿತಿಗಿಂತ ಹೆದರಿಕೆ ಮುಖ್ಯ. ಮಾರ್ಟಿನ್ ಲೂಥರ್ ಕಿಂಗ್‌ಗೆ 1964ರಲ್ಲಿ ಬೆದರಿಕೆಯ ಅನಾಮಧೇಯ ಪತ್ರ ಕಳಿಸಿದ್ದೂ ಇದೇ ಸಂಸ್ಥೆ.

ಈ ಹೆದರಿಕೆಯನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಮಾತ್ರ ಕಷ್ಟ. ಅಮೆರಿಕದ ಸೈನ್ಯ ನಾಗರಿಕರ ಮೇಲೆ ನಿಗಾ ಇಟ್ಟಿದ್ದರ ವಿರುದ್ಧ ಹೋದವರಿಗೆ 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಬಾಗಿಲು ಮುಚ್ಚಿತು. ‘ಮನಸ್ಸಿಗೆ ಅಳುಕಾಯಿತು’ ಎಂದರೆ ಸಾಲದು, ನಿಮಗಾದ ಹಾನಿ ತೋರಿಸಿ ಎಂದಿತು. ಅಳುಕಿ ಮನೆಯಲ್ಲೇ ಉಳಿದವನು ಯಾವ ಹಾನಿ ತೋರಿಸಬೇಕು?

ಭಾರತದಲ್ಲಿ ಇದನ್ನು ಬಹಳ ಹಿಂದೆಯೇ ಕಂಡವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸುಬ್ಬರಾವ್. ಪೊಲೀಸ್ ನಿಗಾವನ್ನು ಪ್ರಶ್ನಿಸಿದ 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಬಹುಮತದ ನ್ಯಾಯಮೂರ್ತಿಗಳು, ರಾತ್ರಿ ಮನೆಗೆ ನುಗ್ಗಿ ತಪಾಸಣೆ ಮಾಡುವುದು ತಪ್ಪು, ಆದರೆ ಓಡಾಟದ ಮೇಲೆ ಕಣ್ಣಿಡುವುದು ತಪ್ಪಲ್ಲ ಎಂದರು. ಪೊಲೀಸರ ದೃಷ್ಟಿಯ ಕೆಳಗೆ ಓಡಾಡುವುದನ್ನು ಸ್ವತಂತ್ರ ಓಡಾಟ ಎನ್ನುವುದು ಹೇಗೆ, ಅಂಥವನಿಗೆ ಇಡೀ ದೇಶವೇ ಸೆರೆಮನೆ ಎಂದು ಸುಬ್ಬರಾವ್ ಭಿನ್ನ ತೀರ್ಪು ಬರೆದರು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಪ್ಪುವ ಹೊತ್ತಿಗೆ ಐವತ್ತೈದು ವರ್ಷ ಕಳೆದಿತ್ತು.

ನೀವು ಹೇಳುವುದರಲ್ಲಿ ನ್ಯಾಯ ಇಲ್ಲ ಅನ್ನುತ್ತಿಲ್ಲ. ಕ್ಯಾಮೆರಾ ಎಷ್ಟೋ ಸಲ ಲಾಠಿ ಬೀಸಿದವರ ವಿರುದ್ಧವೂ ಸಾಕ್ಷಿ ಆಗುತ್ತದೆ. ಆದರೆ ಆ ದೃಶ್ಯ ಬೇಕೆಂದು ಕೇಳಿದಾಗ ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ.

ಪ್ರಶ್ನೆ: ಹೆಸರೇ ಕೇಳದೆ ಮುಖ ನೋಡಿ ಕಂಪ್ಯೂಟರ್ ಗುರುತು ಹಿಡಿಯುತ್ತದಂತಲ್ಲ? ಮಾಸ್ಕ್ ಹಾಕಿಕೊಂಡು ಹೋದರೆ ತಪ್ಪಾ?

ಉತ್ತರ: ಹಿಡಿಯುತ್ತದೆ. 2019ರಲ್ಲಿ ಮಾಸ್ಕೋದ ಮೆಟ್ರೊದಲ್ಲಿ ಒಬ್ಬಾತ ಬಂಧಿತ ಹೋರಾಟಗಾರನೊಬ್ಬನ ಆಳೆತ್ತರದ ರಟ್ಟಿನ ಚಿತ್ರ ಹಿಡಿದು ಒಬ್ಬನೇ ಪ್ರಯಾಣ ಮಾಡಿದ. ಅದರ ಫೋಟೊ ಟೆಲಿಗ್ರಾಂನಲ್ಲಿ ಬಂತು. ಕೆಲವೇ ದಿನಗಳಲ್ಲಿ ಮೆಟ್ರೊದಲ್ಲೇ ಹಿಡಿದರು, 20,000 ರೂಬಲ್ ದಂಡ ಬಿತ್ತು. ಪತ್ತೆಗೆ ಮುಖ ಗುರುತಿಸುವ ತಂತ್ರಜ್ಞಾನ ಬಳಸಿದ್ದು ಖಾಸಗಿತನಕ್ಕೂ ವಾಕ್ ಸ್ವಾತಂತ್ರ್ಯಕ್ಕೂ ಧಕ್ಕೆ ಎಂದು ಯುರೋಪಿನ ನ್ಯಾಯಾಲಯ 2023ರ ಜುಲೈನಲ್ಲಿ ಹೇಳಿತು.

ಮಾಸ್ಕ್ ವಿಷಯ: ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರ ವ್ಯಾಖ್ಯಾನದಲ್ಲಿ ಶಾಂತಿಯುತ ಸಭೆಯಲ್ಲಿ ಮುಖ ಮುಚ್ಚಿಕೊಳ್ಳುವುದೂ ಅಭಿವ್ಯಕ್ತಿಯ ಭಾಗ ಆಗಬಹುದು, ಸೇಡಿನಿಂದ ಪಾರಾಗುವ ದಾರಿಯೂ ಆಗಬಹುದು ಎಂದಿದೆ. ಆದರೆ ಸಮಿತಿಯ ಮಾತು ಬೇರೆ, ರಸ್ತೆಯಲ್ಲಿ ನಿಂತ ಇನ್‌ಸ್ಪೆಕ್ಟರ್ ಬೇರೆ. ಹಾಂಗ್‌ಕಾಂಗ್‌ನಲ್ಲಿ 2019ರ ಅಕ್ಟೋಬರ್‌ನಲ್ಲಿ ಮುಖವಾಡವನ್ನೇ ನಿಷೇಧಿಸಿದರು. ಮೆರವಣಿಗೆಗೆ ಹೋಗುವ ಮೊದಲು ನಿಮ್ಮಲ್ಲಿನ ಕಾನೂನು ನೋಡಿಕೊಳ್ಳಿ.

ಪ್ರಶ್ನೆ: ಮತ್ತೆ ಮೊಬೈಲ್?

ಉತ್ತರ: ಮುಖಕ್ಕಿಂತ ಅದೇ ಹೆಚ್ಚು ಮಾತಾಡುತ್ತದೆ. ಮೊಬೈಲ್ ಸದಾ ಹತ್ತಿರದ ಟವರ್‌ಗೆ ‘ನಾನಿಲ್ಲಿದ್ದೇನೆ’ ಎನ್ನುತ್ತಲೇ ಇರುತ್ತದೆ. ಟವರ್‌ನಂತೆ ನಟಿಸಿ ಸುತ್ತಲಿನ ಮೊಬೈಲ್‌ಗಳ ಗುರುತು ಸಂಗ್ರಹಿಸುವ ಪೆಟ್ಟಿಗೆಗಳೂ ಇವೆ. 2014ರ ಜನವರಿಯಲ್ಲಿ ಉಕ್ರೇನಿನ ಕೀವ್‌ನಲ್ಲಿ ಪ್ರತಿಭಟನೆಯ ಜಾಗದ ಬಳಿ ಇದ್ದವರ ಮೊಬೈಲ್‌ಗಳಿಗೆ ಒಂದು ಸಂದೇಶ ಬಂತು: ‘ಗ್ರಾಹಕರೇ, ಸಾಮೂಹಿಕ ಗಲಭೆಯಲ್ಲಿ ಪಾಲ್ಗೊಂಡವರೆಂದು ನಿಮ್ಮ ಹೆಸರು ನೋಂದಣಿಯಾಗಿದೆ’. ದಾರಿಯಲ್ಲಿ ಹೋಗುತ್ತಿದ್ದವನಿಗೂ ಅದೇ ಸಂದೇಶ ಹೋಗಿದ್ದರೆ ಆಶ್ಚರ್ಯವಿಲ್ಲ.

ಏರೋಪ್ಲೇನ್ ಮೋಡ್ ಹಾಕಿ, ಬೆರಳಚ್ಚಿನ ಲಾಕ್ ತೆಗೆದು ಸಂಖ್ಯೆಯ ಲಾಕ್ ಇಡಿ. ಬೆರಳನ್ನು ಹಿಡಿದು ಒತ್ತಿಸಬಹುದು, ತಲೆಯೊಳಗಿನ ಸಂಖ್ಯೆಯನ್ನು ಹಾಗೆ ತೆಗೆಯಲಾಗದು. ಪಕ್ಕದವರ ಮುಖ ಕಾಣುವ ಫೋಟೊ ಹಾಕುವ ಮೊದಲು ಅವರನ್ನು ಕೇಳಿ. ಇಲ್ಲದಿದ್ದರೆ ಪೊಲೀಸರ ಅರ್ಧ ಕೆಲಸ ನಾವೇ ಮಾಡಿಕೊಟ್ಟಂತೆ. ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿ ಎಂದು ಮಾತ್ರ ನಾನು ಹೇಳುವುದಿಲ್ಲ. ಏನಾದರೂ ಆದರೆ ನಿಮ್ಮ ಬಳಿ ಇರುವ ಒಂದೇ ಕ್ಯಾಮೆರಾ ಅದು.

ಪ್ರಶ್ನೆ (ಮೊದಲು ಕೇಳಿದ ತಾಯಿ): ಮೇಡಂ, ಹಾಗಾದರೆ ಈಗ ಏನು ಮಾಡಲಿ? ಅವಳನ್ನು ಮುಂದಿನ ಸಲ ಕಳಿಸುವುದೋ ಬೇಡವೋ?

ಉತ್ತರ: ಕಳಿಸುವುದು ಬಿಡುವುದು ನಾನು ಹೇಳುವ ವಿಷಯ ಅಲ್ಲಮ್ಮ. ಮಾಹಿತಿ ಹಕ್ಕಿನ ಕಾನೂನೋ ದತ್ತಾಂಶ ರಕ್ಷಣೆಯ ಕಾನೂನೋ, ಇರುವುದರ ಅಡಿಯಲ್ಲಿ ಒಂದು ಪುಟದ ಪತ್ರ ಬರೆಯಬಹುದು. ನನ್ನ ಬಗ್ಗೆ ಆ ದಿನದ ದಾಖಲೆ ಇದೆಯೇ, ಯಾವ ಕಾನೂನಿನಡಿ ಮಾಡಿದಿರಿ, ಯಾವಾಗ ಅಳಿಸುತ್ತೀರಿ. ಇಷ್ಟೇ. ಸಿಟ್ಟಿನ ಮಾತು ಬೇಡ, ‘ಭದ್ರತೆಯ ಕಾರಣ’ ಎಂದು ನಿರಾಕರಿಸಿದರೆ ಆ ನಿರಾಕರಣೆಯೂ ಬರಹದಲ್ಲೇ ಬರಲಿ. ಮೇಲ್ಮನವಿಗೆ ಅದು ಬೇಕು.

ತಾಯಿ: ಅವಳೇ ಬರೆಯುತ್ತಾಳಂತೆ. ನಾನೂ ಸಹಿ ಹಾಕಬೇಕಾ?

ಉತ್ತರ: ಹದಿನೆಂಟು ತುಂಬಿದ್ದರೆ ಬೇಡ. ಅವಳ ಸಹಿ ಸಾಕು. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ನೀವು ಇಟ್ಟುಕೊಳ್ಳಿ.